ಗಾಜಿನ ಮೇಲೆ ಸ್ವರ



ಮನೆಯ ಟ್ಯಾಬ್ಲೆಟ್‌ನಲ್ಲಿ ಮಕ್ಕಳು ರಾಗ ಹುಡುಕುತ್ತಿದ್ದರೆ ಆಟವೆಂದು ಗದರಬೇಡಿ. 2011ರಲ್ಲಿ ಐಪ್ಯಾಡ್‌ಗೆ ‘ಗ್ಯಾರೇಜ್‌ಬ್ಯಾಂಡ್’ ಬಂದಾಗಿನಿಂದ ಪಿಯಾನೊ, ಗಿಟಾರ್, ಡ್ರಮ್‌ಗಳನ್ನು ಒಬ್ಬರೇ ಒಂದೊಂದಾಗಿ ನುಡಿಸಿ ಜೊತೆಗೂಡಿಸಬಹುದಾಗಿದೆ.

ಆದರೆ ಗಾಜಿಗೆ ಬೆರಳಿನ ಭಾರ ನೇರವಾಗಿ ತಿಳಿಯದು. ಮೆಲ್ಲಗೆ ಮುಟ್ಟಿದಿರೋ, ಬಡಿದಿರೋ ಎಂಬುದನ್ನು ಐಪ್ಯಾಡ್ ತನ್ನ ಅದುರುವಿಕೆಯಿಂದ ಊಹಿಸುತ್ತದೆ, ಅಷ್ಟೆ. ಆದುದರಿಂದ ಕಲಿಯುವ ಮಗುವಿಗೆ ಸಣ್ಣದೊಂದು ಮಿಡಿ ಕೀಬೋರ್ಡ್ ಜೋಡಿಸಿಕೊಡಿ. ಬ್ಲೂಟೂತ್ ಸ್ಪೀಕರ್ ಬೇಡ. ಒತ್ತಿದ ಸ್ವರ ತಡವಾಗಿ ಕೇಳಿ ತಾಳ ತಪ್ಪುತ್ತದೆ. ವೈರೇ ಲೇಸು.

ಇನ್ನು ದೇವಾಲಯದ ಮಾತು. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಪೈಪ್ ಆರ್ಗನ್ನಿಗೆ ಗೌರವದ ಸ್ಥಾನ ನೀಡಿ, ಆರಾಧನೆಗೆ ತಕ್ಕ ಇತರ ವಾದ್ಯಗಳಿಗೂ ಎಡೆಮಾಡಿತು. ಕೈಯಿಂದ ನುಡಿಸುವ ಟ್ಯಾಬ್ಲೆಟ್ಟೂ ವಾದ್ಯವೇ ಎಂದು ನನ್ನ ಎಣಿಕೆ. ಮೊದಲೇ ಮುದ್ರಿಸಿಟ್ಟ ಹಿನ್ನೆಲೆ ಸಂಗೀತ ಹಾಗಲ್ಲ. ಜನ ಉಸಿರೆಳೆದುಕೊಳ್ಳಲು ಅದು ಕಾಯುವುದಿಲ್ಲ. ಎರಡನೆಯ ಚರಣಕ್ಕೇ ವಯಸ್ಸಾದವರು ಬಾಯಿ ಮುಚ್ಚುತ್ತಾರೆ, ಆಮೇಲೆ ಪೂಜೆಯಲ್ಲಿ ಹಾಡುವುದು ಯಂತ್ರವೊಂದೇ. ಅದನ್ನು ಶನಿವಾರದ ಅಭ್ಯಾಸಕ್ಕೆ ಬಳಸಿ. ಭಾನುವಾರ ನುಡಿಸುವವರು ಜನರ ಉಸಿರಿಗೆ ಕಿವಿಗೊಡಲಿ.

ಅಂದಹಾಗೆ, ಬಲಿಪೂಜೆಗೆ ಮುಂಚೆ ಟ್ಯಾಬ್ಲೆಟ್ಟನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಪರಮಪ್ರಸಾದದ ಮೌನದಲ್ಲಿ ವಾಟ್ಸಾಪ್ ಸದ್ದು ಯಾರಿಗೂ ಬೇಡ.