ನಾಫ್‌ಪ್ಲಿಯೊದಲ್ಲಿ ಎರಡು ದಿನ: ಹೊತ್ತರಿತು ಸುತ್ತುವವರಿಗೆ 11 ಸೂತ್ರಗಳು

ಗ್ರೀಸ್ ಅಂದರೆ ಅಥೆನ್ಸ್, ಸ್ಯಾಂಟೊರಿನಿ ಎಂದು ಟಿಕೆಟ್ ತೆಗೆಸುವವರೇ ಹೆಚ್ಚು. ಅಥೆನ್ಸ್‌ನಿಂದ ಸುಮಾರು 140 ಕಿ.ಮೀ. ದೂರದಲ್ಲಿ, ಆರ್ಗೊಲಿಕ್ ಕೊಲ್ಲಿಯ ದಡದಲ್ಲಿ ನಾಫ್‌ಪ್ಲಿಯೊ ಎಂಬ ಪುಟ್ಟ ಊರಿದೆ. 1834ರಲ್ಲಿ ಅಥೆನ್ಸ್‌ಗೆ ಹೋಗುವ ಮೊದಲು ಗ್ರೀಸ್‌ನ ರಾಜಧಾನಿ ಇಲ್ಲಿತ್ತು. ವೆನಿಸ್‌ನವರು, ತುರ್ಕರು, ಗ್ರೀಕರು ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಂಡ ಊರಿದು. ಬೆಟ್ಟದ ಮೇಲೊಂದು, ಊರಿನ ನೆತ್ತಿಯಲ್ಲೊಂದು, ನೀರಿನ ನಡುವೆ ಒಂದು, ಹೀಗೆ ಮೂರು ಕೋಟೆಗಳಿವೆ.

ಹಳೇ ಊರನ್ನು ಕಾಲು ಗಂಟೆಯಲ್ಲಿ ನಡೆದು ದಾಟಬಹುದು. ಜನ ಏಮಾರುವುದೂ ಅದರಿಂದಲೇ. ಚಿಕ್ಕ ಊರು, ಹೇಗೆ ನೋಡಿದರೂ ಆದೀತು ಎಂದುಕೊಂಡು ಬರುತ್ತಾರೆ. ನೆತ್ತಿ ಸುಡುವಾಗ ಕೋಟೆ ಹತ್ತುತ್ತಾರೆ, ಅಂಗಡಿಗಳು ಮುಚ್ಚಿದಾಗ ಬೀದಿ ಅಲೆಯುತ್ತಾರೆ, ಊರಿಗೆ ಕಳೆ ಬರುವ ಹೊತ್ತಿಗೆ ವಾಪಸ್ ಬಸ್ ಹತ್ತುತ್ತಾರೆ. ಯಾವುದಕ್ಕೆ ಯಾವ ಹೊತ್ತು ಎಂಬುದು ಗೊತ್ತಿದ್ದರೆ ಎರಡು ದಿನ ಧಾರಾಳ.

1. ಒಂದು ರಾತ್ರಿಯಾದರೂ ಉಳಿಯಿರಿ

ಅಥೆನ್ಸ್‌ನಿಂದ ಬೆಳಗ್ಗೆ ಹೊರಟು ಸಂಜೆ ಮರಳುವ ಪ್ರವಾಸಗಳು ಬೇಕಾದಷ್ಟಿವೆ. ಅವು ನಿಮ್ಮನ್ನು ಊರಲ್ಲಿ ಬಿಡುವುದು ಮಟಮಟ ಮಧ್ಯಾಹ್ನ. ಈ ಊರಿನ ಒಳ್ಳೆಯ ಹೊತ್ತು ಎರಡೇ: ಬಿಸಿಲೇರುವ ಮುಂಚಿನ ಬೆಳಗು ಮತ್ತು ಬಿಸಿಲಿಳಿದ ಮೇಲಿನ ಸಂಜೆ. ರಾತ್ರಿ ತಂಗಿದವರಿಗೆ ಮಾತ್ರ ಎರಡೂ ದಕ್ಕುತ್ತವೆ.

2. ತಿಂಗಳು ನೋಡಿ ಹೊರಡಿ

ಏಪ್ರಿಲ್ ಕೊನೆಯಿಂದ ಜೂನ್ ಮೊದಲ ಭಾಗ, ಇಲ್ಲವೇ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಸರಿಯಾದ ಕಾಲ. ಜುಲೈ, ಆಗಸ್ಟ್‌ನಲ್ಲಿ ಉಷ್ಣಾಂಶ 35 ಡಿಗ್ರಿ ದಾಟುವುದು ಮಾಮೂಲು. ಬಿಸಿಗಾಳಿ ಜೋರಾದ ದಿನ ಸರ್ಕಾರವೇ ಪ್ರಾಚೀನ ತಾಣಗಳನ್ನು ನಡುಹಗಲಲ್ಲಿ ಮುಚ್ಚಿಸುವುದುಂಟು. ಚಳಿಗಾಲದಲ್ಲಿ ಜನಸಂದಣಿ ಇರುವುದಿಲ್ಲ ನಿಜ, ಆದರೆ ಹಲವು ತಾಣಗಳ ಬಾಗಿಲು ಮಧ್ಯಾಹ್ನ ಮೂರೂವರೆಯ ಆಸುಪಾಸಿಗೆ ಬೀಳುತ್ತದೆ. ಸಮಯಪಟ್ಟಿ ಋತುವಿಗೊಂದು ಇರುವುದರಿಂದ ಹೊರಡುವ ವಾರ ಮತ್ತೊಮ್ಮೆ ನೋಡಿಕೊಳ್ಳಿ.

3. ವೀಸಾ ಕೆಲಸ ಕೊನೆಗಿಡಬೇಡಿ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕೊನೇಪಕ್ಷ 15 ದಿನ ಮುಂಚೆ ಹಾಕಲೇಬೇಕು. ಬೇಸಿಗೆಯಲ್ಲಿ ಅರ್ಜಿ ಸಲ್ಲಿಸಲು ದಿನ ಸಿಗುವುದೇ ಕಷ್ಟ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಇಟಲಿ, ಗ್ರೀಸ್ ಎರಡನ್ನೂ ಸುತ್ತುವುದಾದರೆ ಹೆಚ್ಚು ದಿನ ಇರುವ ದೇಶದ ಮೂಲಕ ಅರ್ಜಿ ಹೋಗಬೇಕು.

4. ಬಸ್ಸೇ ಸಾಕು, ವಾಪಸ್ ಸಮಯ ಮೊದಲು ಕೇಳಿ

ನಾಫ್‌ಪ್ಲಿಯೊಗೆ ಈಗ ರೈಲಿಲ್ಲ. ಅಥೆನ್ಸ್‌ನ ಕಿಫಿಸೋಸ್ ನಿಲ್ದಾಣದಿಂದ ಕೆಟೆಲ್ (KTEL) ಸಂಸ್ಥೆಯ ಬಸ್ಸುಗಳು ಹೊರಡುತ್ತವೆ, ಎರಡೂವರೆ ಗಂಟೆಯೊಳಗೆ ತಲುಪಿಸುತ್ತವೆ. ದಾರಿಯಲ್ಲಿ ಕೊರಿಂಥ್ ಸಿಗುತ್ತದೆ. 1893ರಲ್ಲಿ ತೆರೆದ ಅಲ್ಲಿನ ಕಾಲುವೆ ಆರು ಕಿ.ಮೀ.ಗೂ ಉದ್ದ, ಆದರೆ ಎಷ್ಟು ಇಕ್ಕಟ್ಟೆಂದರೆ ಸೇತುವೆ ಮೇಲೆ ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ. ನಾಫ್‌ಪ್ಲಿಯೊದಲ್ಲಿ ಇಳಿದೊಡನೆ ಮೊದಲ ಕೆಲಸ: ನಿಲ್ದಾಣದಲ್ಲಿ ವಾಪಸ್ ಬಸ್ಸಿನ ಸಮಯವನ್ನೂ ಸುತ್ತಲಿನ ಊರುಗಳ ಬಸ್ಸಿನ ಸಮಯವನ್ನೂ ಕೇಳಿ, ಬೋರ್ಡಿನ ಫೋಟೊ ತೆಗೆದುಕೊಳ್ಳಿ. ಭಾನುವಾರ ಬಸ್ಸು ಕಡಿಮೆ.

5. ಕೋಣೆ ಹಿಡಿಯುವ ಮುಂಚೆ ಮೆಟ್ಟಿಲೆಷ್ಟು ಕೇಳಿ

ಹಳೇ ಊರಿನಲ್ಲೇ ಉಳಿಯಿರಿ, ಎಲ್ಲವೂ ಕಾಲ್ನಡಿಗೆಯ ದೂರ. ಆದರೆ ಊರು ಬೆಟ್ಟದ ಬುಡಕ್ಕೆ ಒರಗಿ ಬೆಳೆದಿದೆ. ಮೇಲಿನ ಓಣಿಗಳೆಲ್ಲ ಮೆಟ್ಟಿಲು, ಹಳೇ ಮನೆಗಳಿಗೆ ಲಿಫ್ಟ್ ಇರುವುದು ಅಪರೂಪ. ಮೇಲೆ ಹೋದಷ್ಟೂ ಸಮುದ್ರ ಚೆನ್ನಾಗಿ ಕಾಣುತ್ತದೆ, ಸೂಟ್‌ಕೇಸ್ ಅಷ್ಟೇ ಭಾರವಾಗುತ್ತದೆ. ಹಿರಿಯರು ಜೊತೆಗಿದ್ದರೆ ಸಿಂಟಾಗ್ಮಾ ಚೌಕದ ಸುತ್ತಲಿನ ಸಮತಟ್ಟು ಬೀದಿಗಳಲ್ಲಿ ಕೋಣೆ ನೋಡಿ.

6. ಪಾಲಮಿದಿ ಕೋಟೆಗೆ ಬೆಳಗ್ಗೆಯೇ ಹೊರಡಿ

ಮೆಟ್ಟಿಲು 999 ಎಂದು ಊರವರ ಲೆಕ್ಕ. ಎಣಿಸಿದವರಿಗೆ ಅಷ್ಟು ಸಿಕ್ಕಿಲ್ಲ. ಮೈಸೂರಿನ ಚಾಮುಂಡಿ ಬೆಟ್ಟವನ್ನು ಕಾಲಲ್ಲೇ ಹತ್ತಿದವರಿಗೆ ಇದು ಹೊಸದಲ್ಲ, ಬಿಸಿಲು ಮಾತ್ರ ಬೇರೆ. ಬೆಟ್ಟ ಹಳೇ ಊರಿಗೆ ಆಗ್ನೇಯದಲ್ಲಿದೆ, ಮೆಟ್ಟಿಲುಗಳು ಊರಿನ ಕಡೆಯ ಮೈಯಲ್ಲಿವೆ. ಹಾಗಾಗಿ ಬೆಳಗಿನ ಹೊತ್ತು ಬೆಟ್ಟದ ನೆರಳೇ ಮೆಟ್ಟಿಲ ಮೇಲೆ ಬೀಳುತ್ತದೆ. ಮಧ್ಯಾಹ್ನ ಆ ಅನುಕೂಲ ಇಲ್ಲ. ಬಾಗಿಲು ತೆರೆಯುವ ಹೊತ್ತಿಗೆ ಮೇಲಿರುವಂತೆ ಹೊರಡಿ, ನೀರು ಹೊತ್ತುಕೊಳ್ಳಿ.

ಮಂಡಿನೋವಿದ್ದವರು ಬೆಟ್ಟದ ಹಿಂಬದಿಯ ರಸ್ತೆಯಲ್ಲಿ ಟ್ಯಾಕ್ಸಿ ಹಿಡಿದು ಕೋಟೆಯ ಬಾಗಿಲಿಗೇ ಇಳಿಯಬಹುದು. ವೆನಿಸ್‌ನವರು ಈ ಕೋಟೆಯನ್ನು 1711ರಿಂದ 1714ರವರೆಗೆ ಕಟ್ಟಿದರು, ಮರುವರ್ಷವೇ ತುರ್ಕರಿಗೆ ಬಿಟ್ಟುಕೊಟ್ಟರು. 1822ರ ನವೆಂಬರ್ ಕೊನೆಯ ಒಂದು ರಾತ್ರಿ ಗ್ರೀಕರು ಅದನ್ನು ಗೆದ್ದರು. ಸ್ವಾತಂತ್ರ್ಯ ಸಮರದ ದೊಡ್ಡ ಸೇನಾನಿ ಥಿಯೊಡೊರೋಸ್ ಕೊಲೊಕೊಟ್ರೋನಿಸ್‌ನನ್ನು, ಸ್ವಾತಂತ್ರ್ಯ ಬಂದ ಮೇಲೆ, ಹೊಸ ರಾಜನ ಆಡಳಿತ ಇದೇ ಕೋಟೆಯಲ್ಲಿ ಸೆರೆಯಿಟ್ಟಿತು. ಅವನದೆಂದು ತೋರಿಸುವ ಕತ್ತಲಕೋಣೆಗೆ ಬಗ್ಗಿ ನುಗ್ಗಬೇಕು, ತಲೆ ಜೋಪಾನ.

7. ಬಿಸಿಲೇರಿದಾಗ ಮ್ಯೂಸಿಯಂ ಹೊಕ್ಕುಬಿಡಿ

ಸಿಂಟಾಗ್ಮಾ ಚೌಕದ ಪಶ್ಚಿಮ ತುದಿಯ ದಪ್ಪ ಗೋಡೆಯ ಕಟ್ಟಡ ವೆನಿಸ್ ಕಾಲದ ಉಗ್ರಾಣ, ಈಗ ಪುರಾತತ್ವ ಮ್ಯೂಸಿಯಂ. ವಾರದಲ್ಲೊಂದು ದಿನ ರಜೆ, ಯಾವತ್ತೆಂದು ಮುಂಚೆಯೇ ನೋಡಿಕೊಳ್ಳಿ. ಸಮಯ ಕಡಿಮೆ ಇದ್ದರೆ ನೇರವಾಗಿ ದೆಂದ್ರಾ ಕವಚದ ಮುಂದೆ ನಿಲ್ಲಿ. ಹತ್ತಿರದ ದೆಂದ್ರಾ ಗ್ರಾಮದ ಗೋರಿಯೊಂದರಲ್ಲಿ 1960ರಲ್ಲಿ ಸಿಕ್ಕ, ಕ್ರಿ.ಪೂ. 15ನೆಯ ಶತಮಾನದ ಕಂಚಿನ ಯುದ್ಧಕವಚ ಇದು. ಗಂಟೆಯಂತೆ ಅಗಲವಾದ ಮೈ, ಸೊಂಟದ ಕೆಳಗೆ ಒಂದರ ಮೇಲೊಂದು ಜಾರುವ ಪಟ್ಟಿಗಳು, ಗಲ್ಲದವರೆಗೂ ಏರುವ ಕೊರಳಪಟ್ಟಿ. ಜೊತೆಗೆ ಕಾಡುಹಂದಿಯ ಕೋರೆಹಲ್ಲು ಸೀಳಿ ಜೋಡಿಸಿದ ಶಿರಸ್ತ್ರಾಣ. ಇದನ್ನು ತೊಟ್ಟು ಯಾರಾದರೂ ಕಾದಾಡಿಯಾರೇ ಎಂಬ ಅನುಮಾನ ಬಹಳ ವರ್ಷ ಇತ್ತು. 2024ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಗ್ರೀಕ್ ಸೈನಿಕರು ಇದರ ಪ್ರತಿಕೃತಿ ತೊಟ್ಟು 11 ಗಂಟೆ ಕಾದಾಟದ ಅಭ್ಯಾಸ ನಡೆಸಿ ತೋರಿಸಿದರು.

8. ಮೂರರಿಂದ ಐದೂವರೆ: ಊರಿನೊಡನೆ ನೀವೂ ತಣ್ಣಗಿರಿ

ಬೇಸಿಗೆಯ ಮಧ್ಯಾಹ್ನ ಗ್ರೀಸ್‌ನಲ್ಲಿ ಸದ್ದು ಮಾಡಬಾರದ ಹೊತ್ತೆಂದೇ ನಿಯಮವಿದೆ. ಹಲವು ಅಂಗಡಿಗಳು ಮುಚ್ಚುತ್ತವೆ, ಕಿಟಕಿಗಳು ಕದವಿಕ್ಕಿಕೊಳ್ಳುತ್ತವೆ. ನಿದ್ದೆ ಮಾಡಿ, ಇಲ್ಲವೇ ಅರ್ವನಿತಿಯಾ ಕಡಲತೀರಕ್ಕೆ ಇಳಿಯಿರಿ. ಅಲ್ಲಿರುವುದು ಮರಳಲ್ಲ, ಉರುಟು ಕಲ್ಲು. ನೀರಿಗಿಳಿಯುವಾಗಲೂ ಕಾಲಿಗೆ ರಬ್ಬರ್ ಚಪ್ಪಲಿ ಇರಲಿ. ಬಂದರಿನಿಂದ ಅಲ್ಲಿಗೆ, ಊರಿನ ನೆತ್ತಿಯ ಕೋಟೆ ನಿಂತಿರುವ ಅಕ್ರೊನಾಫ್‌ಪ್ಲಿಯಾ ಬಂಡೆಯನ್ನು ಬಳಸಿಕೊಂಡು ಸಮುದ್ರದ ಅಂಚಿನಲ್ಲೇ ಕಾಲುದಾರಿ ಇದೆ. ಕಲ್ಲು ಉರುಳುವ ಭಯವಿದ್ದಾಗ ಮುಚ್ಚಿರುತ್ತಾರೆ, ಗೇಟು ಹಾರುವ ಸಾಹಸ ಬೇಡ.

9. ಸಂಜೆಯನ್ನು ಓಣಿಗಳಿಗೂ ಬಂದರಿಗೂ ಮೀಸಲಿಡಿ

ಬಿಸಿಲು ಇಳಿದ ಮೇಲೆ ಸಿಂಟಾಗ್ಮಾ ಚೌಕಕ್ಕೆ ಬನ್ನಿ. ಅಮೃತಶಿಲೆ ಹಾಸಿದ ನೆಲ ಸವೆದು ನುಣ್ಣಗಾಗಿದೆ, ಮಳೆ ಬಂದರೆ ಜಾರುತ್ತದೆ. ಹತ್ತಿರದಲ್ಲೇ ತುರ್ಕರ ಹಳೇ ಮಸೀದಿ ಇದೆ, ಸ್ವಾತಂತ್ರ್ಯ ಸಮರದ ನಡುವೆ ಗ್ರೀಕರ ಸಂಸತ್ತು ಕೂತದ್ದು ಅದರಲ್ಲಿ. ಅಲ್ಲಿಂದ ಮೆಟ್ಟಿಲ ಓಣಿ ಹಿಡಿದು ಸಂತ ಸ್ಪಿರಿಡಾನ್ ಚರ್ಚಿಗೆ ಏರಿ. ಪುಟ್ಟ ಚರ್ಚು, ಗಮನಿಸದೆ ದಾಟಿಬಿಡುತ್ತೀರಿ. ಗ್ರೀಸ್‌ನ ಮೊದಲ ಗವರ್ನರ್ ಇಯೊಆನಿಸ್ ಕಪೊದಿಸ್ತ್ರಿಯಾಸ್ 1831ರ ಅಕ್ಟೋಬರ್ 9ರ ಭಾನುವಾರ ಬೆಳಗ್ಗೆ ಪ್ರಾರ್ಥನೆಗೆ ಬಂದಾಗ, ಮಾವ್ರೊಮಿಖಾಲಿಸ್ ಮನೆತನದ ಇಬ್ಬರು ಇದೇ ಬಾಗಿಲಲ್ಲಿ ಅವನನ್ನು ಕೊಂದರು. ತಮ್ಮ ಮನೆಯ ಹಿರಿಯನನ್ನು ಅವನು ಸೆರೆಗೆ ಹಾಕಿಸಿದ್ದ ಎಂಬ ಹಗೆ. ಗುಂಡು ತಾಗಿದ ಗುರುತನ್ನು ಬಾಗಿಲ ಪಕ್ಕ ಗಾಜಿನಡಿ ಉಳಿಸಿದ್ದಾರೆ, ಹುಡುಕಿ ನೋಡಿ.

ಸೂರ್ಯ ಕೊಲ್ಲಿಯಾಚೆಯ ಬೆಟ್ಟಗಳ ಹಿಂದೆ ಇಳಿಯುವಾಗ ಬಂದರಿನಲ್ಲಿರಿ. ಎದುರಿಗೆ ನೀರಿನ ನಡುವೆ ಕಾಣುವುದು ಬೂರ್ಜಿ, ವೆನಿಸ್‌ನವರು 1473ರಲ್ಲಿ ಕಟ್ಟಿದ ಕೋಟೆ. ಮುಂದೆ ಮರಣದಂಡನೆ ಜಾರಿ ಮಾಡುವವರಿಗೆ ಅದೇ ಮನೆಯಾಯಿತು, ಊರೊಳಗೆ ಅವರನ್ನು ಇಟ್ಟುಕೊಳ್ಳಲು ಯಾರೂ ಒಪ್ಪಲಿಲ್ಲ. ಆಮೇಲೆ ಕೆಲವು ದಶಕ ಅದು ಹೋಟೆಲೂ ಆಗಿತ್ತು. ಹೋಗುವುದಾದರೆ ದೋಣಿ ಹಗಲಲ್ಲಿ ಹಿಡಿಯಿರಿ, ಗಾಳಿ ಜೋರಿದ್ದರೆ ದಡದಿಂದಲೇ ನೋಡಿ.

10. ಸುತ್ತಲಿನ ತಾಣಗಳಲ್ಲಿ ಒಂದನ್ನೇ ಆರಿಸಿ

ಮೈಸೀನಿ, ಎಪಿಡಾರಸ್, ಟಿರಿನ್ಸ್, ಮೂರೂ ವಿಶ್ವ ಪರಂಪರೆಯ ತಾಣಗಳು. ಮೂರನ್ನೂ ಒಂದೇ ದಿನಕ್ಕೆ ತುರುಕಿದರೆ ನೆನಪಿನಲ್ಲಿ ಉಳಿಯುವುದು ಪಾರ್ಕಿಂಗ್ ಜಾಗವಷ್ಟೆ.

ಇತಿಹಾಸದ ಹುಚ್ಚಿದ್ದವರು ಮೈಸೀನಿಗೆ ಹೋಗಿ. ಸಿಂಹದ್ವಾರ ಕ್ರಿ.ಪೂ. 1250ರ ಸುಮಾರಿನದು. ಹೈನ್‌ರಿಖ್ ಶ್ಲೀಮನ್ 1876ರಲ್ಲಿ ಅಗೆದು ತೆಗೆದ ಚಿನ್ನದ ಮುಖವಾಡವನ್ನು ಅಲ್ಲಿ ಹುಡುಕಬೇಡಿ, ಅದು ಅಥೆನ್ಸ್‌ನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂನಲ್ಲಿದೆ. ನಾಟಕದ ಹುಚ್ಚಿದ್ದವರಿಗೆ ಎಪಿಡಾರಸ್. ಕ್ರಿ.ಪೂ. 4ನೆಯ ಶತಮಾನದ ರಂಗಮಂದಿರ, 55 ಸಾಲು ಕಲ್ಲಿನ ಆಸನ, ಬೇಸಿಗೆಯ ವಾರಾಂತ್ಯಗಳಲ್ಲಿ ಈಗಲೂ ಅಲ್ಲಿ ಪ್ರಾಚೀನ ನಾಟಕಗಳನ್ನು ಆಡುತ್ತಾರೆ. ಕಡಲ ದಡದಲ್ಲಿ ಎಪಿಡಾರಸ್ ಹೆಸರಿನ ಬೇರೆ ಊರುಗಳೂ ಇವೆ, ಬಸ್ಸಿನಲ್ಲಿ 'ಪ್ರಾಚೀನ ರಂಗಮಂದಿರ' ಎಂದೇ ಹೇಳಿ ಟಿಕೆಟ್ ಕೊಳ್ಳಿ. ಅರ್ಧ ದಿನವೂ ಇಲ್ಲದವರಿಗೆ ಟಿರಿನ್ಸ್, ನಾಲ್ಕೇ ಕಿ.ಮೀ. ಅಲ್ಲಿನ ಕಲ್ಲುಗಳನ್ನು ಒಕ್ಕಣ್ಣಿನ ದೈತ್ಯರು ಎತ್ತಿಟ್ಟರೆಂದು ಹಳೇ ಗ್ರೀಕರು ನಂಬಿದ್ದರು. ಗೋಡೆಯೊಳಗಿನ ಓಣಿಯ ಕೆಳಸಾಲಿನ ಕಲ್ಲು ಮುಟ್ಟಿ ನೋಡಿದರೆ ನುಣುಪು ತಿಳಿಯುತ್ತದೆ. ಶತಮಾನಗಟ್ಟಲೆ ಅಲ್ಲಿ ತಂಗಿದ ಕುರಿಗಳು ಮೈಯುಜ್ಜಿದ ಗುರುತು ಅದು.

11. ರಾತ್ರಿ ಊಟ ತಡವಾಗಿ, ಸಸ್ಯಾಹಾರಿಗಳು ಕೇಳಿಕೊಂಡು

ಏಳು ಗಂಟೆಗೆ ಹೋಟೆಲ್ ಹೊಕ್ಕರೆ ನೀವೂ ಪ್ರವಾಸಿಗರೂ ಮಾತ್ರ ಇರುತ್ತೀರಿ. ಊರವರು ಬರುವುದು ಒಂಬತ್ತರ ಮೇಲೆ. ಸಸ್ಯಾಹಾರಿಗಳು ಪರದಾಡಬೇಕಿಲ್ಲ: ಟೊಮೆಟೊದಲ್ಲಿ ಬೆಂದ ದಪ್ಪ ಬಿಳಿ ಕಾಳು 'ಯಿಗಾಂಡೆಸ್', ಬೇಳೆ ಅರೆದ 'ಫಾವಾ', ಬೇಯಿಸಿದ ಸೊಪ್ಪಿಗೆ ನಿಂಬೆರಸ, ಆಲಿವ್ ಎಣ್ಣೆ ಹಾಕಿದ 'ಹೋರ್ತಾ'. ಅನ್ನ ತುಂಬಿದ ಟೊಮೆಟೊ 'ಯೆಮಿಸ್ತಾ' ಕೇಳುವಾಗ ಮಾತ್ರ ಕೈಮಾ ಹಾಕಿಲ್ಲವೇ ಎಂದು ವಿಚಾರಿಸಿ. ಚರ್ಚಿನ ಉಪವಾಸದ ಅಡುಗೆಗೆ 'ನಿಸ್ತಿಸಿಮೊ' ಎನ್ನುತ್ತಾರೆ. ಅದರಲ್ಲಿ ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ. ಆದರೆ ಸಿಗಡಿ, ಆಕ್ಟೋಪಸ್ ಅವರ ಉಪವಾಸಕ್ಕೆ ನಡೆಯುತ್ತವೆ, ಹಾಗಾಗಿ ಆ ಮಾತೊಂದನ್ನೇ ನಂಬಿ ಕೂರಬೇಡಿ.

ಎಲ್ಲವನ್ನೂ ಒಂದು ಚೀಟಿಗೆ ಇಳಿಸಿದರೆ ಇಷ್ಟು: ಮೊದಲ ದಿನ ಮಧ್ಯಾಹ್ನದೊಳಗೆ ತಲುಪಿ ಮ್ಯೂಸಿಯಂ, ವಿಶ್ರಾಂತಿ, ಸಂಜೆ ಚರ್ಚು ಮತ್ತು ಬಂದರು, ತಡರಾತ್ರಿ ಊಟ. ಎರಡನೆಯ ದಿನ ಬೆಳಗ್ಗೆ ಪಾಲಮಿದಿ, ಇಳಿದು ಬಂದು ಕಾಫಿ, ಆಮೇಲೆ ಟಿರಿನ್ಸ್ ಅಥವಾ ಸಮುದ್ರಸ್ನಾನ, ಸಂಜೆಯ ಬಸ್ಸು. ಮೈಸೀನಿಯೋ ಎಪಿಡಾರಸ್ಸೋ ಬೇಕೇ ಬೇಕೆಂದರೆ ಇದರೊಳಗೆ ತೂರಿಸಬೇಡಿ, ಇನ್ನೊಂದು ರಾತ್ರಿ ಸೇರಿಸಿ.