ಅಭಿಮಾನದ ಅಧ್ಯಯನ

ಚಾಮರಾಜನಗರದಿಂದ ತಾಳವಾಡಿಯ ಕಡೆಗೆ ಹೊರಟವರು ರಾಜ್ಯದ ಗಡಿಯನ್ನು ದಾಟಿ ಗಾಜನೂರನ್ನು ಸೇರುತ್ತಾರೆ. 1929ರಲ್ಲಿ ಮುತ್ತುರಾಜನೆಂಬ ಶಿಶು ಹುಟ್ಟಿದ್ದು ಆ ಊರಿನಲ್ಲಿ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ರಂಗನಟರು. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಪಳಗಿದ ಆ ಬಾಲಕನೇ 1954ರ ‘ಬೇಡರ ಕಣ್ಣಪ್ಪ’ ಚಿತ್ರದಿಂದ ರಾಜಕುಮಾರ್ ಆದದ್ದು.

2000ದ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ಗಾಜನೂರಿನಿಂದ ಅಪಹರಿಸಿದನು. ಆಗ ನಾನು ಗುಂಡ್ಲುಪೇಟೆಯಲ್ಲಿ ಉಪಾಧ್ಯಾಯನಾಗಿದ್ದೆ. ತರಗತಿಯ ಹುಡುಗಿಯೊಬ್ಬಳು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. “ನೀನು ಅವರನ್ನು ನೋಡಿದ್ದೀಯೇನಮ್ಮ?” ಎಂದು ಕೇಳಿದೆ. “ಇಲ್ಲ ಸಾರ್. ಆದರೂ ಅವರು ನಮ್ಮ ಮನೆಯವರಲ್ಲವೇ?” ಎಂದಳು. ನಾನು ನಕ್ಕುಬಿಟ್ಟೆ. ನಗಬಾರದಾಗಿತ್ತು.

ಏಕೆಂದರೆ ಆ ಉತ್ತರವನ್ನು ವಿದ್ವಾಂಸರು ಬಹಳ ಹಿಂದೆಯೇ ಗಂಭೀರವಾಗಿ ಪರಿಗಣಿಸಿದ್ದರು. 1956ರಲ್ಲಿ ಅಮೆರಿಕದ ಹಾರ್ಟನ್ ಮತ್ತು ವೋಲ್ ಎಂಬ ಇಬ್ಬರು, ರೇಡಿಯೋ ಮತ್ತು ದೂರದರ್ಶನದಲ್ಲಿ ಕಾಣಿಸಿಕೊಳ್ಳುವವರೊಡನೆ ಜನರು ಬೆಳೆಸಿಕೊಳ್ಳುವ ಏಕಮುಖವಾದ ಆತ್ಮೀಯತೆಯನ್ನು ವಿವರಿಸಿದರು. ನಮ್ಮ ಸೀಮೆಯಲ್ಲಿ ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರನು ಕೇಳುವವರ ಮುಖ ನೋಡುತ್ತಾನೆ; ಅವರು ಬೇಸತ್ತರೆ ಅವನಿಗೆ ತಿಳಿಯುತ್ತದೆ. ತೆರೆಯ ಮೇಲಿನ ನಟನಿಗೆ ನಾವು ಕಾಣುವುದಿಲ್ಲ. ಆದರೂ ಅವನು ನಮ್ಮನ್ನೇ ನೋಡುತ್ತಿರುವಂತೆ ತೋರುತ್ತದೆ. ಚಿತ್ರೋದ್ಯಮದ ವ್ಯಾಪಾರ ಬಹುಮಟ್ಟಿಗೆ ನಿಂತಿರುವುದು ಈ ತೋರಿಕೆಯ ಮೇಲೆಯೇ.

ಹೈದರಾಬಾದಿನಲ್ಲಿ ಪ್ರಾಧ್ಯಾಪಕರಾಗಿದ್ದ ಎಂ. ಮಾಧವ ಪ್ರಸಾದರು 2014ರಲ್ಲಿ ಪ್ರಕಟಿಸಿದ ‘ಸಿನಿ-ಪಾಲಿಟಿಕ್ಸ್’ ಗ್ರಂಥದಲ್ಲಿ ಎಂ.ಜಿ.ಆರ್., ಎನ್.ಟಿ.ಆರ್. ಮತ್ತು ರಾಜಕುಮಾರರನ್ನು ಜೊತೆಯಾಗಿ ಪರಿಶೀಲಿಸಿದ್ದಾರೆ. ಒಂದು ಭಾಷೆಯ ಜನರು ತಮ್ಮ ಪ್ರತಿನಿಧಿಯನ್ನು ನಟನಲ್ಲಿ ಕಂಡುಕೊಳ್ಳುವ ಬಗೆ ಅಲ್ಲಿಯ ವಿಚಾರ. ನಟನನ್ನು ಹೊಗಳುವುದಾಗಲಿ ಅಭಿಮಾನಿಯನ್ನು ಹಾಸ್ಯ ಮಾಡುವುದಾಗಲಿ ಇಂತಹ ವಿದ್ವಾಂಸನ ಕೆಲಸವಲ್ಲ. ಚಿತ್ರಗಳ ಜೊತೆಗೆ ಭಿತ್ತಿಪತ್ರ, ಅಭಿಮಾನಿ ಸಂಘ, ಟಿಕೆಟ್ಟಿನ ಲೆಕ್ಕ, ಎಲ್ಲವೂ ಅವನಿಗೆ ಆಧಾರಗಳೇ.

108 ದಿನಗಳ ನಂತರ ರಾಜಕುಮಾರರು ಬಿಡುಗಡೆಯಾದರು. ಅವರು 2006ರ ಏಪ್ರಿಲ್ 12ರಂದು ತೀರಿಕೊಂಡಾಗ ಬೆಂಗಳೂರಿನಲ್ಲಿ ದುಃಖವು ಗಲಭೆಯಾಗಿ, ಜೀವಗಳೂ ಹೋದವು. 2021ರ ಅಕ್ಟೋಬರ್ 29ರಂದು ಅವರ ಮಗ ಪುನೀತ್ ನಿಧನರಾದಾಗಲೂ ಲಕ್ಷಾಂತರ ಜನರು ನೆರೆದರು. ಆದರೆ ಅಂತಿಮ ದರ್ಶನ ಶಾಂತವಾಗಿ ನಡೆಯಿತು. ತಂದೆಯಂತೆ ಮಗನ ಕಣ್ಣುಗಳೂ ದಾನವಾದವು. ಬಳಿಕ ನೇತ್ರದಾನಕ್ಕೆ ಹೆಸರು ಬರೆಸಲು ಊರೂರುಗಳಲ್ಲಿ ಜನರು ಮುಂದೆ ಬಂದರು. ಅಭಿಮಾನವು ಒಮ್ಮೆ ಕಲ್ಲನ್ನು ಎತ್ತಿಕೊಂಡದ್ದೇಕೆ, ಇನ್ನೊಮ್ಮೆ ಲೇಖನಿಯನ್ನು ಹಿಡಿದದ್ದೇಕೆ? ಆ ಹುಡುಗಿ ಈಗ ಎದುರಾದರೆ ನಾನು ನಗದೆ ಕೇಳಬೇಕೆಂದಿರುವ ಪ್ರಶ್ನೆ ಇದು.