ಮಡಗಾಂವ್ ಪೇಟೆಗೆ ಮಾರುವವರನ್ನು ತಯಾರು ಮಾಡುವ ಬಗೆ

ಗೋವೆಯವರು ಉಣ್ಣುವ ತರಕಾರಿಯ ದೊಡ್ಡ ಪಾಲು ಬೆಳಗಾವಿಯ ಕಡೆಯಿಂದ ಘಟ್ಟ ಇಳಿದು ಬರತಕ್ಕದ್ದು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾದ ಮೇಲೆ ಕಾರವಾರ, ಅಂಕೋಲೆಗಳ ಬೆಳೆಗಾರರಿಗೂ ಮಡಗಾಂವ್ ಹತ್ತಿರವಾಯಿತು. ನಾಲ್ಕಾರು ಮನೆಯ ರೈತರು ಒಂದುಗೂಡಿ, ದಲಾಲರ ಕೈಗೆ ಕೊಡದೆ ತಮ್ಮ ಮಕ್ಕಳನ್ನೇ ಆ ಪೇಟೆಯಲ್ಲಿ ಕೂರಿಸುವುದಾದರೆ, ಬೆಳೆಯುವುದನ್ನು ಕಲಿಸಿದಷ್ಟೇ ಶ್ರದ್ಧೆಯಿಂದ ಮಾರುವುದನ್ನೂ ಕಲಿಸಬೇಕು. ಸೊಪ್ಪು ನಮ್ಮ ಅನುಕೂಲಕ್ಕಾಗಿ ಕಾಯುವುದಿಲ್ಲ. ಸಂಜೆಗೆ ಬಾಡಿದ ಕಟ್ಟು ದನದ ಪಾಲು.

ಶಿಕ್ಷಕರ ತರಬೇತಿಯಲ್ಲಿ ಒಂದು ಒಳ್ಳೆಯ ಪದ್ಧತಿ ಉಂಟು. ಹೊಸ ಶಿಕ್ಷಕನು ಪಾಠ ಮಾಡುವಾಗ ಮೇಲ್ವಿಚಾರಕರು ಹಿಂದಿನ ಬೆಂಚಿನಲ್ಲಿ ಕುಳಿತು ಬರೆದುಕೊಳ್ಳುತ್ತಾರೆಯೇ ಹೊರತು ಮಕ್ಕಳೆದುರು ತಿದ್ದುವುದಿಲ್ಲ. ಪೇಟೆಗೂ ಇದೇ ಕ್ರಮ ಸರಿ. ಗುಂಪಿನ ಹಿರಿಯರೊಬ್ಬರು ವಾರಕ್ಕೊಂದು ದಿನ ಜೊತೆಗೆ ಹೋಗಲಿ. ಆದರೆ ತಕ್ಕಡಿ ಮುಟ್ಟಬಾರದು, ಗಿರಾಕಿಯೊಡನೆ ಮಾತಿಗಿಳಿಯಬಾರದು. (ಹಿರಿಯರಿಗೆ ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ.) ಕಂಡ ದೋಷಗಳು ಹತ್ತಾದರೂ ಹಿಂದಿರುಗುವಾಗ ಹೇಳತಕ್ಕದ್ದು ಒಂದೇ. ಮುಂದಿನ ವಾರ ಅದು ಸರಿಹೋಗಿದೆಯೇ ಎಂದು ನೋಡಿ ಎರಡನೆಯದನ್ನು ಎತ್ತಬೇಕು. ಹತ್ತನ್ನೂ ಒಮ್ಮೆಗೇ ಕೇಳಿಸಿಕೊಂಡ ಹುಡುಗ ಮರುದಿನ ಗಿರಾಕಿಯ ಮುಖ ನೋಡುವುದಕ್ಕೂ ಹೆದರುತ್ತಾನೆ.

ನೋಡಬೇಕಾದ್ದು ಯಾವುದನ್ನು? ಗಿರಾಕಿ ನಿಂತು, ಬೆಲೆ ಕೇಳಿ, ಕೊಳ್ಳದೆ ಮುಂದೆ ಹೋದ ಗಳಿಗೆಯನ್ನು. ಕೊಂಡು ಹೋದವರಿಂದ ಕಲಿಯುವುದಕ್ಕಿಂತ ಬಿಟ್ಟು ಹೋದವರಿಂದ ಕಲಿಯುವುದು ಹೆಚ್ಚು. ಕೆಲವೊಮ್ಮೆ ಕಾರಣ ಭಾಷೆ. ‘ಕಿತ್ಲೆ?’ ಎಂದು ಕೇಳಿದವಳಿಗೆ ಉತ್ತರ ತಡೆಯಿಲ್ಲದೆ ಬರಬೇಕು. ಕೊಂಕಣಿಯ ಎಣಿಕೆ, ಹತ್ತಿಪ್ಪತ್ತು ಕಾಯಿಪಲ್ಲೆಯ ಹೆಸರುಗಳು, ಕೆಂಪು ಹರಿವೆಗೆ ‘ತಾಂಬ್ಡಿ ಭಾಜಿ’ ಎಂಬಂಥವು, ಇಷ್ಟು ಬಂದರೆ ಸಾಕು. ಮನೆಯ ಜಗಲಿಯಲ್ಲಿ ಒಬ್ಬರು ಗಿರಾಕಿ, ಒಬ್ಬರು ಮಾರುವವರು ಎಂದಾಗಿ ನಾಲ್ಕು ಸಂಜೆ ಅಭ್ಯಾಸ ಮಾಡಿಸಿರಿ. ಮತ್ತೆ ಕೆಲವೊಮ್ಮೆ ಕಾರಣ ಗುಡ್ಡೆ. ಅಲ್ಲಿ ‘ವಾಂಟೊ’ ಎಂದು ಪಾಲುಮಾಡಿ ಗುಡ್ಡೆಯಿಟ್ಟು ಮಾರುವ ರೂಢಿ ಉಂಟು. ಗುಡ್ಡೆಗಳು ಸಮನಾಗಿಲ್ಲದಿದ್ದರೆ ದೊಡ್ಡವು ಬೆಳಿಗ್ಗೆಯೇ ಹೋಗುತ್ತವೆ, ಸಣ್ಣವು ಸಂಜೆವರೆಗೆ ನಮ್ಮನ್ನು ನೋಡುತ್ತಾ ಕೂರುತ್ತವೆ.

ಇನ್ನು ಲೆಕ್ಕ. ಯಾರು ಚೆನ್ನಾಗಿ ಮಾರಿದರು ಎಂಬುದನ್ನು ಹಣದ ಚೀಲದಿಂದಲೋ ಫೋನಿಗೆ ಬಂದ ಮೊತ್ತದಿಂದಲೋ ಅಳೆಯುವುದು ತಪ್ಪು. ಉದಾಹರಣೆಗೆ, ಒಬ್ಬಳು 120 ಕಟ್ಟು ಒಯ್ದು 114 ಕಟ್ಟನ್ನು 15 ರೂಪಾಯಿಯಂತೆ ಮಾರಿ 1,710 ರೂಪಾಯಿ ತಂದಳೆನ್ನಿ. ಇನ್ನೊಬ್ಬನು 160 ಒಯ್ದು 120 ಮಾರಿ 1,800 ತಂದನು. ಮೇಲ್ನೋಟಕ್ಕೆ ಅವನೇ ಜಾಣ. ಆದರೆ ಕಟ್ಟೊಂದಕ್ಕೆ ಬೆಳೆದ ಖರ್ಚು, ಸಾಗಾಟ ಸೇರಿ 8 ರೂಪಾಯಿ ಹಿಡಿದರೆ ಅವಳಿಗೆ ಉಳಿದದ್ದು 750, ಅವನಿಗೆ 520. ಆದುದರಿಂದ ಪುಸ್ತಕದಲ್ಲಿ ಒಯ್ದದ್ದು, ಮಾರಿದ್ದು, ಮರಳಿ ತಂದದ್ದು ಎಂಬ ಮೂರು ಕಲಮುಗಳಿರಲಿ. ಮೂರನೆಯದನ್ನು ಮಾರಿದವರೇ ತಮ್ಮ ಕೈಯಿಂದ ಬರೆಯಲಿ, ಕಾರಣದ ಸಮೇತ. ಈ ಪುಸ್ತಕವನ್ನು ಊರೆದುರು ಓದಿ ಒಬ್ಬರನ್ನು ಇನ್ನೊಬ್ಬರಿಗೆ ಹೋಲಿಸಬಾರದು. ಅವರವರ ಹೋದ ವಾರದೊಡನೆ ಈ ವಾರವನ್ನು ಹೋಲಿಸಿದರೆ ಸಾಕು.

ಪೇಟೆಯ ಪಂಚಾಂಗವನ್ನೂ ಕಲಿಸಬೇಕು. ಶ್ರಾವಣದಲ್ಲಿ ಬಹಳ ಹಿಂದೂ ಮನೆಗಳಲ್ಲಿ ಮೀನು ವರ್ಜ್ಯ, ತರಕಾರಿಗೆ ಬೇಡಿಕೆ. ಚೌತಿಯ ಮುಂಚೆ ಗಣಪತಿಯ ಮೇಲೆ ಕಟ್ಟುವ ‘ಮಾಟೋಳಿ’ಗೆ ಅಡಿಕೆಗೊನೆ, ತೆಂಗಿನಕಾಯಿ, ಕಾಡಿನ ಹಣ್ಣುಕಾಯಿಗಳು ಬೇಕು. ಮೇ ತಿಂಗಳಲ್ಲಿ ಮಳೆಗಾಲಕ್ಕೆಂದು ಒಣಮೆಣಸು, ಈರುಳ್ಳಿ, ಹುಣಸೆ ಕೂಡಿಡುವ ‘ಪುರುಮೆಂತ್’. ಆಗ ಬರುವ ಗಿರಾಕಿ ಬೆಲೆಯ ಜೊತೆಗೆ, ಈರುಳ್ಳಿ ಎಷ್ಟು ದಿನ ಬಾಳುತ್ತದೆಂದೂ ಕೇಳುತ್ತಾಳೆ. ಕುತ್ತಿಗೆ ಸಣ್ಣದಾಗಿ ಒಣಗಿ ಮುಚ್ಚಿದ ಗಡ್ಡೆ ಬಾಳುತ್ತದೆ, ದಪ್ಪ ಕುತ್ತಿಗೆಯದು ಬೇಗ ಕೊಳೆಯುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಎರಡು ಗಡ್ಡೆಗಳನ್ನು ಅವಳ ಕೈಗೆ ಕೊಟ್ಟು ತೋರಿಸಬೇಕು. ಆ ವಾರಗಳಲ್ಲಿ ಪಳಗಿದವರನ್ನೇ ಮುಂದೆ ಕೂರಿಸಿ, ಹೊಸಬರನ್ನು ಪಕ್ಕದಲ್ಲಿ ಗುಡ್ಡೆ ಕಟ್ಟಲು, ಚಿಲ್ಲರೆ ಎಣಿಸಲು ಹಚ್ಚಿರಿ.